ಮೇಣದ ಕೋಣೆಗೆ ಜೇನು ಬಂದ ಬಗ್ಗೆ

ಹೇಳಿಕೆ ಕೊಡುವವರು: ಬೀದಿಯವರೆಲ್ಲ ‘ದೊಡ್ಡ ಟೀಚರ್’ ಎಂದು ಕರೆಯುವ ನಾನು. ವಯಸ್ಸು ಎಪ್ಪತ್ತೊಂದು. ವೃತ್ತಿ: ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ, ಈಗ ನಿವೃತ್ತಿ. ವಾಸ: ಹಳೆಯ ಮುದ್ರಣಾಲಯದ ಎದುರು ಸಾಲಿನಲ್ಲಿ, ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿ.

ಠಾಣೆಯ ಬರಹಗಾರರು ನನ್ನ ಮಾತನ್ನು ತಾವೇ ಬರೆದುಕೊಳ್ಳಲು ಕುಳಿತಿದ್ದರು. ಮೊದಲ ವಾಕ್ಯದಲ್ಲೇ ಕರ್ತೃಪದ ಕಾಣೆಯಾದದ್ದರಿಂದ, ಅವರ ಒಪ್ಪಿಗೆ ಪಡೆದು, ಈ ಹೇಳಿಕೆಯನ್ನು ನಾನೇ ಸ್ವಹಸ್ತದಿಂದ ಬರೆಯುತ್ತಿದ್ದೇನೆ. ಇತರರು ಆಡಿದ ಮಾತುಗಳನ್ನು ಅವರು ಆಡಿದ ಹಾಗೆಯೇ ಕೆಲವೆಡೆ ಇಟ್ಟಿದ್ದೇನೆ; ಆ ಭಾಷೆಯ ಹೊಣೆ ನನ್ನದಲ್ಲ. ಕಣ್ಣಾರೆ ಕಂಡದ್ದನ್ನು, ಕಂಡ ಕ್ರಮದಲ್ಲೇ, ಠಾಣಾಧಿಕಾರಿಗಳಾದ ತಮ್ಮ ಮುಂದಿಡುವುದೇನೆಂದರೆ:

ನನ್ನ ತಂಗಿಯ ಮಗಳು ಒಳಾಂಗಣ ವಿನ್ಯಾಸಕಿ. ಮನೆಯಲ್ಲಿ ಅವಳನ್ನು ಚುಕ್ಕಿ ಎನ್ನುತ್ತೇವೆ; ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವಳು ಆರು ವರ್ಷಗಳಿಂದ ನನ್ನ ಮನೆಯಲ್ಲಿದ್ದಾಳೆ. ಎದುರಿನ ಮುದ್ರಣಾಲಯವನ್ನು ಕೊಂಡವರು ಅದನ್ನು ಕಾಕ್‌ಟೇಲ್ ಬಾರ್ ಮಾಡಲು ನಿಶ್ಚಯಿಸಿ, ಒಳಗಿನ ಕೆಲಸವನ್ನು ಚುಕ್ಕಿಗೆ ಒಪ್ಪಿಸಿದರು. ನಿನ್ನೆ, ಶುಕ್ರವಾರ, ಉದ್ಘಾಟನೆ ಆಗಬೇಕಿತ್ತು. ಬೆಳಿಗ್ಗೆಯೇ ಒಳಗೆ ಜೇನಿನ ಹಿಂಡು ಬಂದು ಸೇರಿತು. ಚುಕ್ಕಿ ಹಗೆಯಿಂದ ಗುರುವಾರ ಸಂಜೆ ಪೆಟ್ಟಿಗೆಯಲ್ಲಿ ಜೇನನ್ನು ತಂದು ಅಡಗಿಸಿಟ್ಟು, ಶುಕ್ರವಾರ ಬಿಟ್ಟಳು ಎಂದು ಮಾಲೀಕರು ದೂರು ಕೊಟ್ಟಿದ್ದಾರೆ. ಅವಳು ಒಳಗಿನಿಂದ ಬೀಗ ಹಾಕಿ ನನ್ನನ್ನೂ ಪಾನೀಯ ಬೆರೆಸುವಾತನನ್ನೂ ಕೂಡಿಹಾಕಿದಳೆಂದೂ ಅದರಲ್ಲಿದೆ. ಈ ದೂರು ನಿಂತರೆ ಇನ್ನು ಮುಂದೆ ಯಾರೂ ಅವಳ ಕೈಗೆ ಒಂದು ಕೋಣೆಯ ಕೀಲಿ ಕೊಡುವುದಿಲ್ಲ. ಆದ್ದರಿಂದ ನಾನು ಕರೆಯದೆಯೇ ಠಾಣೆಗೆ ಬಂದಿದ್ದೇನೆ.

ಮುದ್ರಣಾಲಯದ ಒಳಭಾಗ ಉದ್ದನೆಯ ಒಂದೇ ಕೋಣೆ. ಉದ್ದ ನಲವತ್ತೆರಡು ಅಡಿ, ಅಗಲ ಹದಿನಾರು. ಗೋಡೆ ದಪ್ಪ. ಬೀದಿಯ ಕಡೆ ಒಂದು ಬಾಗಿಲು ಮತ್ತು ಅಡ್ಡಲಾಗಿ ಒಂದು ದೊಡ್ಡ ಗಾಜು. ಹಿಂದಿನ ಗೋಡೆಯಲ್ಲಿ, ಸೂರಿಗೆ ಸಮೀಪ, ನನ್ನ ಅಂಗೈಯಷ್ಟು ಅಗಲದ ಒಂದು ಗಾಳಿಕಿಂಡಿ. ಗಾಜಿಗೆ ಕಾಗದ ಅಂಟಿಸಿದ್ದರಿಂದ ಹಗಲಲ್ಲೂ ಒಳಗೆ ಕತ್ತಲೆ. ಈ ಸಂಗತಿಗಳನ್ನು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತವೆ.

ಬಾರ್ ಜೇನುಗೂಡಿನಂತೆ ಕಾಣಬೇಕೆಂಬುದು ಮಾಲೀಕರದೇ ಅಪೇಕ್ಷೆ. ಅವರ ಮನಸ್ಸಿನಲ್ಲಿದ್ದುದು ಹಳದಿ ಬಣ್ಣ ಮತ್ತು ಗೋಡೆಯ ಮೇಲೆ ನಗುವ ನೊಣಗಳ ಚಿತ್ರ. ಚುಕ್ಕಿ ಒಪ್ಪಲಿಲ್ಲ. ಜೇನುಗೂಡನ್ನು ಹೊರಗಿನಿಂದ ನೋಡಿದವರೆಲ್ಲ ಹಾಗೆ ಬರೆಯುತ್ತಾರೆ, ಒಳಗಿನಿಂದ ನೋಡಿದವರು ಯಾರೂ ಇಲ್ಲ, ಬಂದವರಿಗೆ ತಾವೇ ನೊಣವಾದೆವು ಅನ್ನಿಸಬೇಕು ಎಂದು ಹೇಳಿದಳಂತೆ.

ಗೆರೆ ಎಳೆಯುವ ಮೊದಲು ಅವಳು ಖಾಲಿ ಕೋಣೆಯಲ್ಲಿ ದೀಪ ಆರಿಸಿ ಒಂದು ಇಡೀ ದಿನ ಕುಳಿತಿರುತ್ತಾಳೆ. ಇದು ಅವಳು ಕೆಲಸ ಮಾಡುವ ರೀತಿ. ಆ ದಿನ ಮಧ್ಯಾಹ್ನ ಊಟಕ್ಕೂ ಬರಲಿಲ್ಲ, ರಾತ್ರಿ ಬಂದಳು. ಅಲ್ಲೇನು ಮಾಡುತ್ತೀ ಎಂದು ನಾನು ಕೇಳಿದ್ದಕ್ಕೆ, “ಕೋಣೆ ಏನ್ ಹೇಳತ್ತೆ ಅಂತ ಕೇಳಿಸ್ಕೋತೀನಿ ದೊಡ್ಡಮ್ಮ” ಎಂದಳು. ಕೋಣೆಗಳು ಮಾತನಾಡುವುದಿಲ್ಲ ಎಂದೆ. “ಹೊಸ ಮಕ್ಳು ಮೊದಲ್ನೇ ದಿನ ಮಾತಾಡ್ತಿದ್ರಾ? ನೀನೂ ಸುಮ್ನೆ ಕೂತು ನೋಡ್ತಿರ್ಲಿಲ್ವಾ?” ಎಂದಳು. ನಾನು ಅನ್ನ ಬಡಿಸಿದೆ.

ಗೋಡೆಗೆ ಅವಳು ಬಣ್ಣ ಬಳಿಸಲಿಲ್ಲ. ಊರಾಚೆ ಜೇನು ಸಾಕುವವರೊಬ್ಬರಿದ್ದಾರೆ. ನೊಣಗಳು ಬಿಟ್ಟುಹೋದ ಹಳೆಯ ಎರಿಗಳನ್ನು, ಅಂದರೆ ಕಣಕಣವಾಗಿ ಕಟ್ಟಿದ ಮೇಣದ ಹಲಗೆಗಳನ್ನು, ಅವರಿಂದ ತರಿಸಿ, ಕರಗಿಸಿ, ಸೋಸಿ, ಬಿಸಿಯಿರುವಾಗಲೇ ಕುಂಚದಿಂದ ಹಚ್ಚಿಸಿದಳು. ಗೋಡೆಯ ತುಂಬ ಮರದಲ್ಲಿ ಕೊರೆದ ಆರು ಮೂಲೆಯ ಗೂಡುಗಳು. ಚಿಕ್ಕವು ಲೋಟಕ್ಕೆ, ಅದಕ್ಕಿಂತ ದೊಡ್ಡವು ಬಾಟಲಿಗೆ, ಇನ್ನೂ ದೊಡ್ಡವು ಇಬ್ಬರು ಕೂರುವಷ್ಟು. ಹೊಸ ಮೇಣ ಅಗ್ಗವಾಗಿ ಸಿಗುತ್ತಿತ್ತು. ಅದು ಸೋಪಿನ ಹಾಗೆ ಕಾಣುತ್ತದೆಂದು ಅವಳು ಬೇಡವೆಂದಳು. ಹಳೆಯ ಎರಿಯಲ್ಲಿ ನೊಣಗಳ ಎಷ್ಟೋ ತಲೆಮಾರು ಹುಟ್ಟಿ ಹಾರಿರುತ್ತವೆ. ಪ್ರತಿ ಹುಟ್ಟಿಗೂ ಮೇಣ ಒಂದಿಷ್ಟು ಕಪ್ಪಾಗುತ್ತದೆ. ಹೀಗಾಗಿ ನೆಲದ ಬಳಿ ಕಾಫಿಯಂತೆ ಕಪ್ಪಗಿನ ಮೇಣ, ಮೇಲೇರಿದಂತೆ ಬೆಲ್ಲದ ಬಣ್ಣ, ಸೂರಿನಲ್ಲಿ ಬೆಣ್ಣೆಯ ಬಣ್ಣ. ಎಲ್ಲಿಯೂ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾದದ್ದು ಕಾಣದು.

ಕೌಂಟರಿನ ಮರಕ್ಕೆ ಏನು ಹಚ್ಚಬೇಕೆಂದು ಪಾನೀಯ ಬೆರೆಸುವಾತನನ್ನು ಕೇಳಿದ್ದಾಳೆ. ಆತ ಉತ್ಸಾಹದ ಯುವಕ. ತಾನು ಕಂಡುಹಿಡಿದ ಪಾನೀಯಗಳ ವಿಷಯದಲ್ಲಿ ಮಾತು ನಿಲ್ಲದು. ಅವನ ಮುಖ್ಯ ಪಾನೀಯ ಜೇನುತುಪ್ಪ ಮತ್ತು ನಿಂಬೆಹುಲ್ಲಿನದು. “ಅಕ್ಕ, ಗಿರಾಕಿ ಮೊಣಕೈ ಊರಿದ ಕೂಡ್ಲೇ ಆ ವಾಸನೆ ಬರ್ಬೇಕು, ಆಮೇಲೆ ಅವ್ರು ಬೇರೆ ಏನೂ ಕೇಳಲ್ಲ” ಎಂದನಂತೆ. ಅಂದಿನಿಂದ ಪ್ರತಿ ಸಂಜೆ ಇಬ್ಬರೂ ಸೇರಿ ಕೌಂಟರಿಗೆ ನಿಂಬೆಹುಲ್ಲಿನ ಎಣ್ಣೆ ಉಜ್ಜಿದ್ದಾರೆ. ಇದನ್ನೂ ತಾವು ನೆನಪಿನಲ್ಲಿಡಬೇಕು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮೊದಲ ಬಾರಿ ಒಳಗೆ ಹೋದೆ. ಪಾನೀಯಗಳ ಹೆಸರುಗಳನ್ನು ಹಿತ್ತಾಳೆಯ ಅಕ್ಷರಗಳಲ್ಲಿ ಗೋಡೆಯ ಮೇಲೆ ಜೋಡಿಸಿಟ್ಟಿದ್ದರು; ಗಟ್ಟಿಯಾಗಿ ಕೂರಿಸುವ ಮೊದಲು ನಾನು ನೋಡಿಕೊಡಬೇಕೆಂದು ಚುಕ್ಕಿ ಕೇಳಿಕೊಂಡಿದ್ದಳು. ಮದ್ಯದ ಅಂಗಡಿಯ ಹೊಸ್ತಿಲನ್ನು ನಾನು ತುಳಿದವಳಲ್ಲ. ಒಂದೇ ಒಂದು ಬಾಟಲಿಯೂ ಒಳಗೆ ಬಂದಿರಬಾರದೆಂಬ ಷರತ್ತಿನ ಮೇಲೆ ಹೋದೆ. ಬಂದಿರಲಿಲ್ಲ. ಇದನ್ನು ದಾಖಲಿಸಿಕೊಳ್ಳಬೇಕು.

ಬಾಗಿಲಿನಿಂದ ಒಂದು ಇಕ್ಕಟ್ಟಾದ ಓಣಿ. ಸೂರು ಎಷ್ಟು ತಗ್ಗೆಂದರೆ ತಲೆ ತಾನಾಗಿ ಬಾಗುತ್ತದೆ. ಎಂಟು ಹೆಜ್ಜೆಗೆ ಓಣಿ ಎಡಕ್ಕೆ ತಿರುಗುತ್ತದೆ. ಬಾಗಿದ ತಲೆಯನ್ನು ಎತ್ತಿದಾಗ ನಾನು ಎಲ್ಲಿದ್ದೇನೆಂದು ಒಂದು ಕ್ಷಣ ತಿಳಿಯಲಿಲ್ಲ. ಗೋಡೆಗಳು ನನ್ನ ಸುತ್ತ ಬಾಗಿಕೊಂಡಿದ್ದವು. ಮೂಲೆ ಎಂಬುದೇ ಇರಲಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆಯೆಂದು ತೋರದೆ, ಗೂಡುಗೂಡಿನ ಒಳಗಿನಿಂದಲೇ ಉಸಿರಿನಂತೆ ಬರುತ್ತಿತ್ತು. ಬೆಚ್ಚಗಿನ ಮೇಣದ ವಾಸನೆ. ಧ್ವನಿವರ್ಧಕದಿಂದ, ಕಿವಿಗಿಂತ ಎದೆಗೇ ಮೊದಲು ಮುಟ್ಟುವಂತೆ, ಜೇನಿನ ಗುಂಯ್‌ಕಾರ ಮೆಲ್ಲಗೆ ಹೊರಡುತ್ತಿತ್ತು. ಅದನ್ನು ಆ ಸಾಕುವವರ ಪೆಟ್ಟಿಗೆಗಳ ಬಳಿಯೇ ಧ್ವನಿಮುದ್ರಿಸಿಕೊಂಡು ಬಂದಿದ್ದರು. ನಲವತ್ತು ವರ್ಷ ತರಗತಿಗೆ ಹೊಕ್ಕ ನಾನು, ಒಳಗೆ ಹೋದ ಕೂಡಲೇ ಏನಾದರೊಂದು ಹೇಳುವುದು ನನ್ನ ಅಭ್ಯಾಸ. ಅಂದು ಹೇಳಲಿಲ್ಲ. ಗೋಡೆಯ ಒಂದು ಗೂಡಿನಲ್ಲಿ ಕುಳಿತುಬಿಟ್ಟೆ. ಬೆನ್ನಿಗೆ ಅದು ಅಳತೆ ತೆಗೆದು ಮಾಡಿದಂತಿತ್ತು.

“ಏನಾದ್ರೂ ಅನ್ನು ದೊಡ್ಡಮ್ಮ” ಎಂದಳು ಚುಕ್ಕಿ.

ಮೂರನೆಯ ಸಾಲಿನ ಕೊನೆಯ ಅಕ್ಷರ ಓರೆಯಾಗಿದೆ ಎಂದೆ. ಅದು ನಿಜವೇ ಆಗಿತ್ತು.

ಅದೇ ಹೊತ್ತಿಗೆ ಗಾಳಿಕಿಂಡಿಯ ಬಳಿ ಎರಡು ಜೇನುನೊಣಗಳನ್ನು ಕಂಡೆ. ಅವು ಹೂವಿನ ಮೇಲೆ ಇರುವಂತೆ ಇರಲಿಲ್ಲ. ಗೋಡೆಯ ಉದ್ದಕ್ಕೂ ನಡೆದು, ಒಂದಿಷ್ಟು ಹಾರಿ, ಮತ್ತೆ ನಡೆದು, ಮೂಲೆಯಿಲ್ಲದ ಆ ಕೋಣೆಯನ್ನು ಅಳೆಯುವವರಂತೆ ಸುತ್ತಿದವು. ಬಾಡಿಗೆಗೆ ಮನೆ ನೋಡಲು ಬಂದ ಗಂಡಹೆಂಡಿರು ನಲ್ಲಿ ತಿರುಗಿಸಿ, ಬಾಗಿಲು ತಟ್ಟಿ ನೋಡುವುದು ನನ್ನ ನೆನಪಿಗೆ ಬಂತು. ಚುಕ್ಕಿಗೆ ತೋರಿಸಿದೆ. “ಅಬ್ಬಾ, ಇವಕ್ಕೂ ಹಿಡಿಸ್ತು!” ಎಂದು ಅವಳು ಚಪ್ಪಾಳೆ ತಟ್ಟಿದಳು. ಸೋಮವಾರ ಆರೇಳು ಇದ್ದವು. ಬುಧವಾರ ಎಣಿಸಲಾಗದಷ್ಟು. ಯಾರೂ ಅವುಗಳನ್ನು ಕರೆತಂದಿರಲಿಲ್ಲ. ಅಂದು ಅದರ ಅರ್ಥ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಂಗಳವಾರ ಮಾಲೀಕರಿಗೂ ಚುಕ್ಕಿಗೂ ಜಗಳವಾದದ್ದು ನಿಜ. ನಾನು ಅಲ್ಲಿಯೇ ಇದ್ದೆ. ಮಾಲೀಕರು ತಮ್ಮ ಭಾವಮೈದನೊಂದಿಗೆ ಬಂದು, ಮೇಣವನ್ನೆಲ್ಲ ಕೆರೆದು ಅದೇ ಬಣ್ಣದ ಪ್ಲಾಸ್ಟಿಕ್ ಹಲಗೆ ಹಾಕಬೇಕೆಂದರು. “ಬೇಸಿಗೆಯಲ್ಲಿ ಕರಗಿ ಗಿರಾಕಿ ತಲೆ ಮೇಲೆ ಬಿದ್ರೆ ಯಾರಮ್ಮ ಹೊಣೆ?” ಎಂದರು. ಇಷ್ಟು ದಪ್ಪ ಗೋಡೆಯ ಕೋಣೆಯಲ್ಲಿ ಅದು ಕರಗುವಷ್ಟು ಸೆಕೆಯಾದರೆ ಗಿರಾಕಿಗಳೇ ಮೊದಲು ಕರಗುತ್ತಾರೆ ಎಂದಳು ಚುಕ್ಕಿ. ಭಾವಮೈದ, “ಜನ ಕುಡಿಯೋಕೆ ಬರ್ತಾರೆ ಕಣ್ರೀ, ಗೋಡೆ ಮೂಸೋಕಲ್ಲ” ಎಂದರು. ಆಗ ಅವಳು, ಪ್ಲಾಸ್ಟಿಕ್ ಹಾಕುವುದಾದರೆ ತನ್ನ ಹೆಸರನ್ನು ಎಲ್ಲಿಯೂ ಹೇಳಬೇಡಿ ಎಂದಳು. ಮಾಲೀಕರು, ಉದ್ಘಾಟನೆಗೆ ಇನ್ನು ಸಮಯವಿಲ್ಲ, ಅದು ಮುಗಿಯಲಿ, ಆಮೇಲೆ ಬೇರೆಯವರನ್ನು ಕರೆಸಿ ಕೆರೆಸುತ್ತೇನೆ ಎಂದು ಹೇಳಿ ಹೊರಟರು. ಚುಕ್ಕಿ ಮನೆಗೆ ಬಂದು ಅತ್ತಳು. ಹಗೆ ಎಂದು ದೂರಿನಲ್ಲಿ ಬರೆದಿರುವುದು ಇದನ್ನೇ. ಸಿಟ್ಟಿನಲ್ಲಿ ಅವಳು ಮಾಡಿದ್ದೇನೆಂದರೆ, ಮರುದಿನ ಬೇಗ ಎದ್ದು ದೀಪದ ಕೆಲಸಕ್ಕೆ ಕುಳಿತದ್ದು.

ಆ ದೀಪವನ್ನು ವಿವರಿಸಲೇಬೇಕು. ಕೌಂಟರಿನ ಮೇಲೆ ತೂಗುವಂತೆ, ಒಂದರ ಪಕ್ಕ ಒಂದು, ಬೆರಳಗಲದ ಸಂದು ಬಿಟ್ಟು ನಿಂತ ಏಳು ಮೇಣದ ಹಾಳೆಗಳು. ಮೇಲಿನಿಂದ ತಣ್ಣನೆಯ ಬೆಳಕು. ಬೆಳಕು ದಾಟಬೇಕಾದ್ದರಿಂದ ಇಲ್ಲಿ ಮಾತ್ರ ಹೊಸ, ಬಿಳಿ ಮೇಣ. ಹಾಳೆಗಳ ಮೈಮೇಲೆ ನೊಣದ ಕಣದಷ್ಟೇ ಅಳತೆಯ ಆರು ಮೂಲೆಯ ಗುರುತು ಮೂಡಿಸಲು ಆ ಜೇನು ಸಾಕುವವರ ಅಚ್ಚನ್ನೇ ಎರವಲು ತಂದಿದ್ದಳು. ಇಷ್ಟು ಸಣ್ಣದು ಯಾರಿಗೆ ಕಾಣುತ್ತದೆ ಎಂದು ಕೇಳಿದೆ. “ಕಾಣಲ್ಲ. ಆದ್ರೆ ಇಲ್ದಿದ್ರೆ ಗೊತ್ತಾಗತ್ತೆ” ಎಂದಳು.

ಗುರುವಾರ ಸಂಜೆ ಆರು ಕಾಲಿಗೆ, ಹಿಂದಿನ ಅಂಗಳದಿಂದ ಬೀದಿಯ ಬಾಗಿಲಿಗೆ ಸುತ್ತಿಬಂದು, ಚುಕ್ಕಿ ಒಂದು ಮರದ ಪೆಟ್ಟಿಗೆಯನ್ನು ಒದ್ದೆ ಬಟ್ಟೆ ಮುಚ್ಚಿ ಒಳಗೆ ತಂದದ್ದನ್ನು ಕಂಡೆನೆಂದು ಮಾಲೀಕರ ಭಾವಮೈದ ಹೇಳಿದ್ದಾರೆ. ಕಂಡದ್ದು ನಿಜ. ಆ ಪೆಟ್ಟಿಗೆಯ ಇನ್ನೊಂದು ತುದಿಯನ್ನು ಹಿಡಿದಿದ್ದವಳು ನಾನು. ಅದು ಜೇನುಪೆಟ್ಟಿಗೆ ಎಂಬುದೂ ನಿಜ. ಅದನ್ನು ನಾನು ಮರೆಮಾಚುವುದಿಲ್ಲ. ಏಳು ಹಾಳೆಗಳು ಒಂದಕ್ಕೊಂದು ತಾಗದೆ ನೆಟ್ಟಗೆ ನಿಲ್ಲಲು ಅದರೊಳಗೆ ಎರಿಯ ಚೌಕಟ್ಟು ಸಿಕ್ಕಿಸುವ ಸೀಳುಗಳಿಗಿಂತ ಒಳ್ಳೆಯ ಏರ್ಪಾಡು ಲೋಕದಲ್ಲಿಲ್ಲ. ಆದ್ದರಿಂದ ಹಾಳೆಗಳನ್ನು ಮಾಡಿದ ಮೇಲೆ ಸಾಕುವವರಿಂದ ಎರವಲು ಪಡೆದ ಆ ಖಾಲಿ ಪೆಟ್ಟಿಗೆಯಲ್ಲಿಟ್ಟು ತಂದೆವು. ಒದ್ದೆ ಬಟ್ಟೆ ಬಿಸಿಲಿನ ಕಾವಿಗೆ ಮೇಣ ಬಾಗದಿರಲಿ ಎಂದು.

ಪೆಟ್ಟಿಗೆಯೊಳಗಿಂದ ಗುಂಯ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತೆಂದು ಅವರು ಹೇಳಿದ್ದಾರೆ. ಆ ಸದ್ದು ನನ್ನದು. ಭಾರ ಹೊತ್ತು ನಡೆಯುವಾಗ ಬಾಯಿ ಮುಚ್ಚಿಕೊಂಡು ಮಗ್ಗಿ ಹೇಳಿಕೊಳ್ಳುವುದು ನನ್ನ ರೂಢಿ. ಅಂದು ಹದಿನೇಳರ ಮಗ್ಗಿ. ಬೇಕಿದ್ದರೆ ತಮ್ಮೆದುರು ಪೆಟ್ಟಿಗೆ ಹೊತ್ತು ತೋರಿಸಲು ಸಿದ್ಧಳಿದ್ದೇನೆ. ಈ ಭಾವಮೈದ ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಕಂಡದ್ದಕ್ಕಿಂತ ಒಂದು ಸಾಲು ಹೆಚ್ಚಿಗೆ ಬರೆಯುವ ಚಪಲ ಆಗಲೇ ಇತ್ತು. ಸುಳ್ಳುಗಾರನಲ್ಲ, ಅವಸರದವನು.

ಈಗ ಶುಕ್ರವಾರದ ಸಂಗತಿ.

ಬೆಳಿಗ್ಗೆ ಹನ್ನೊಂದೂವರೆಗೆ ಒಳಗೆ ಇದ್ದವರು ಮೂವರು: ಚುಕ್ಕಿ, ಪಾನೀಯ ಬೆರೆಸುವಾತ, ನಾನು. ಬಾಟಲಿಗಳು ಮಧ್ಯಾಹ್ನ ಬರುವುದಿತ್ತು. ಬೀದಿಯ ಕಡೆಯ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿತ್ತು; ಸಂಜೆ ಅದನ್ನು ತೆಗೆಯುವುದೇ ಉದ್ಘಾಟನೆ. ನಾನು ಅಕ್ಷರಗಳನ್ನು ಕೊನೆಯ ಬಾರಿ ನೋಡುತ್ತಿದ್ದೆ. ಧ್ವನಿವರ್ಧಕದ ಗುಂಯ್‌ಕಾರ ಇಂದು ಸ್ವಲ್ಪ ಹೆಚ್ಚಾಯಿತೆಂದು ನಾನು ಹೇಳಿದೆ. ಚುಕ್ಕಿ ಹೋಗಿ ಗುಂಡಿ ಒತ್ತಿ ನಿಲ್ಲಿಸಿದಳು.

ಸದ್ದು ನಿಲ್ಲಲಿಲ್ಲ.

“ಸ್ವಿಚ್ ಕೆಟ್ಟಿದೆ ಅಕ್ಕ” ಎಂದ ಪಾನೀಯ ಬೆರೆಸುವಾತ. ಚುಕ್ಕಿ ತಂತಿಯನ್ನೇ ಕಿತ್ತಳು. ಸದ್ದು ಇನ್ನೂ ಏರಿತು. ಅದೇ ಕ್ಷಣ ಗಾಳಿಕಿಂಡಿಯ ಬೆಳಕು ಆರಿಹೋಯಿತು. ಯಾರೋ ಹೊರಗಿನಿಂದ ಕಂಬಳಿ ತುರುಕಿದರೆಂದುಕೊಂಡೆ. ಆ ಕಂಬಳಿ ಒಳಗೆ ಹರಿಯತೊಡಗಿತು.

ಮುಂದಿನದನ್ನು ಬರೆಯಲು ನನ್ನ ಬಳಿ ಇರುವ ಮಾತುಗಳು ಸಾಲವು. ಇಷ್ಟು ವರ್ಷ ಮಕ್ಕಳಿಗೆ ‘ವರ್ಣಿಸಲಸಾಧ್ಯ’ ಎಂದು ಬರೆಯಬೇಡಿ, ಅದು ಸೋಮಾರಿಗಳ ಮಾತು ಎಂದು ಹೇಳುತ್ತ ಬಂದವಳು ನಾನು. ಆದ್ದರಿಂದ ಪ್ರಯತ್ನಿಸುತ್ತೇನೆ. ಮೊದಲು ಕಿಂಡಿಯಿಂದ ಕಪ್ಪು ನೀರಿನಂತೆ ಸುರಿದರು. ಸುರಿದವು ಎಂದಿರಬೇಕು, ಆದರೆ ಹಾಗೆಯೇ ಇರಲಿ. ಸುರಿದವರು ನೆಲ ಮುಟ್ಟುವ ಮೊದಲೇ ಎದ್ದು ಕೋಣೆಯ ತುಂಬ ಹರಡಿದರು. ನಲವತ್ತೆರಡು ಅಡಿ ಉದ್ದದ ಗಾಳಿಯೆಲ್ಲ ಜೀವ ಬಂದಂತೆ ತಿರುಗತೊಡಗಿತು. ಗೂಡುಗಳಿಂದ ಬರುವ ಬೆಳಕಿನಲ್ಲಿ ಸಾವಿರಾರು ರೆಕ್ಕೆಗಳು ಒಮ್ಮೆ ಬಂಗಾರ, ಒಮ್ಮೆ ಹೊಗೆ. ನನ್ನ ಕನ್ನಡಕದ ಮೇಲೆ ಕುಳಿತರು, ಬೆಳ್ಳಿ ಕೂದಲ ಮೇಲೆ ಕುಳಿತರು, ಎದ್ದುಹೋದರು. ಒಂದೂ ಕಚ್ಚಲಿಲ್ಲ. ಭಯವಾಗಬೇಕಿತ್ತು ಎಂದು ಗೊತ್ತಿತ್ತು; ಆಗಲಿಲ್ಲ. ಗೋಡೆಗಳು ಬಾಗಿದ್ದು ಏಕೆ, ಮೂಲೆಗಳಿಲ್ಲದ್ದು ಏಕೆ, ಕಪ್ಪು ಕೆಳಗೂ ಬಿಳಿ ಮೇಲೂ ಏಕೆ ಎಂದು ಆಗ ತಿಳಿಯಿತು. ಅದುವರೆಗೆ ನೋಡಿದ್ದು ಅಚ್ಚುಕಟ್ಟಾದ ಒಂದು ಕೋಣೆ. ಅದರ ಜನ ಈಗ ಬಂದಿದ್ದರು.

ಚುಕ್ಕಿ ಕೌಂಟರಿನ ಮುಂದೆ ಕೈಗಳನ್ನು ಇಳಿಬಿಟ್ಟು ನಿಂತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಆರು ವರ್ಷದವಳಿದ್ದಾಗ ಮೊದಲ ಬಾರಿ ಸಮುದ್ರವನ್ನು ಕಂಡ ದಿನ ಹಾಗೆ ನಿಂತಿದ್ದಳು.

ಪಾನೀಯ ಬೆರೆಸುವಾತ ಕೌಂಟರಿನ ಕೆಳಗೆ ಐಸಿನ ಬಕೆಟನ್ನು ತಲೆಗೆ ಕವುಚಿಕೊಂಡು ಕುಳಿತಿದ್ದ. “ಟೀಚರ್, ಹೋದ್ವಾ?” ಎಂದು ಬಕೆಟಿನೊಳಗಿಂದ ಕೇಳಿದ. ಇಲ್ಲ ಎಂದೆ. “ಈಗ?” ಎಂದ. ಬಾಯಿ ಮುಚ್ಚು, ಕಣ್ಣು ತೆರೆ ಎಂದೆ. ಆತ ಬಕೆಟ್ ಎತ್ತಿ ನೋಡಿದ, ಅದನ್ನು ಮೆಲ್ಲಗೆ ನೆಲದ ಮೇಲಿಟ್ಟ.

ಸುಮಾರು ಕಾಲು ಗಂಟೆಯಲ್ಲಿ ಅವೆಲ್ಲವೂ ಕೌಂಟರಿನ ಮೇಲಿನ ದೀಪದತ್ತ ಸೇರಿದವು. ಏಳು ಹಾಳೆಗಳ ಸಂದಿನಲ್ಲಿ ಹೊಕ್ಕು, ಒಂದರ ಕಾಲನ್ನು ಒಂದು ಹಿಡಿದು, ಕೆಳಕ್ಕೆ ಜೋತುಬಿದ್ದು, ತುಂಬಿದ ಕೊಡದಷ್ಟು ದೊಡ್ಡ ಒಂದು ಗೊಂಚಲಾದವು. ಗೊಂಚಲು ಉಸಿರಾಡುತ್ತಿತ್ತು. ಸದ್ದು ಇಳಿದು, ಭಾನುವಾರ ನಾನು ಎದೆಯಲ್ಲಿ ಕೇಳಿದ್ದ ಸ್ವರಕ್ಕೇ ಬಂದು ನಿಂತಿತು.

ಹನ್ನೆರಡು ಹತ್ತಕ್ಕೆ ಮಾಲೀಕರೂ ಭಾವಮೈದನೂ ಬಂದರು. ಓಣಿ ತಿರುಗಿ ಒಳಗೆ ನೋಡಿ, ಬಂದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹೊರಗೆ ಹೋದರು. ಸಂಜೆ ಏಳಕ್ಕೆ ಅತಿಥಿಗಳು ಬರುತ್ತಾರೆ, ಔಷಧಿ ಸಿಂಪಡಿಸುವವರನ್ನು ಕರೆಸಿ ಎಲ್ಲವನ್ನೂ ಕೊಲ್ಲಿಸಿ ಗುಡಿಸಿಬಿಡಬೇಕು ಎಂದು ಬೀದಿಯಿಂದ ಕೂಗಿ ಹೇಳಿದರು. ಚುಕ್ಕಿ ಬಾಗಿಲಿಗೆ ಹೋಗಿ, ಹೊತ್ತು ಮುಳುಗುವವರೆಗೆ ಕಾಯಿರಿ, ಸಾಕುವವರಿಗೆ ಹೇಳಿ ಕಳಿಸಿದ್ದೇನೆ, ಸಂಜೆ ಅವರು ಹಿಂಡನ್ನು ಹಾಗೇ ಪೆಟ್ಟಿಗೆಗೆ ಇಳಿಸಿಕೊಂಡು ಹೋಗುತ್ತಾರೆ ಎಂದು ಬೇಡಿಕೊಂಡಳು. “ನೀನೇ ತಂದು ಬಿಟ್ಟು ನೀನೇ ಕಾಯಿ ಅಂತೀಯಲ್ಲ!” ಎಂದರು ಭಾವಮೈದ. ದೂರಿನ ಮಾತು ಹುಟ್ಟಿದ್ದು ಆಗ. ಹಿಂದಿನ ಅಂಗಳದಲ್ಲಿ ಖಾಲಿ ಜೇನುಪೆಟ್ಟಿಗೆ ಕಣ್ಣಿಗೆ ಬಿದ್ದ ಮೇಲೆ ಅದು ಗಟ್ಟಿಯಾಯಿತು.

ಸಿಂಪಡಿಸುವವರು ಇಬ್ಬರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದಾಗ ಚುಕ್ಕಿ ಬಾಗಿಲನ್ನು ಮುಚ್ಚಿ ಒಳಗಿನಿಂದ ಕೀಲಿ ತಿರುಗಿಸಿದಳು. ತಿರುಗಿಸುವ ಮೊದಲು, “ದೊಡ್ಡಮ್ಮ, ನೀನು ಹೊರಗೆ ಹೋಗು” ಎಂದಳು. ಹೋಗುವುದಿಲ್ಲ ಎಂದೆ. ಪಾನೀಯ ಬೆರೆಸುವಾತನಿಗೂ ಹೇಳಿದಳು. “ನಾನ್ ಹೋದ್ರೆ ಸಂಜೆ ಕತೆ ಹೇಳೋಕೆ ಯಾರಿರ್ತಾರೆ?” ಎಂದು ಆತನೂ ಕುಳಿತ. ನಮ್ಮನ್ನು ಕೂಡಿಹಾಕಲಾಗಿತ್ತೆಂಬುದು ಶುದ್ಧ ಸುಳ್ಳು. ನಾನು ಎತ್ತರದ ಕುರ್ಚಿಯೊಂದನ್ನು ಎಳೆದುಕೊಂಡು, ಗೊಂಚಲಿಗೆ ನಾಲ್ಕು ಅಡಿ ದೂರದಲ್ಲಿ, ನನ್ನ ಸ್ವಂತ ಇಚ್ಛೆಯಿಂದ ಕುಳಿತಿದ್ದೆ. ಅಷ್ಟು ಒಳ್ಳೆಯ ಜಾಗದಿಂದ ನನ್ನನ್ನು ಯಾರಿಂದಲೂ ಎಬ್ಬಿಸಲಾಗುತ್ತಿರಲಿಲ್ಲ.

ಹೊರಗೆ ಜನ ಸೇರುತ್ತಿರುವ ಗದ್ದಲ ಕೇಳಿಸಿತು. ಬಾಗಿಲು ಒಡೆಯಿರಿ ಎಂದು ಭಾವಮೈದ ಕೂಗುತ್ತಿದ್ದರು. ಚುಕ್ಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನಾನು ಎದ್ದು ಹೋಗಿ, ಗಾಜಿಗೆ ಅಂಟಿಸಿದ್ದ ಕಾಗದವನ್ನು ಒಂದು ಮೂಲೆಯಿಂದ ಹಿಡಿದು ಪೂರ್ತಿ ಎಳೆದೆ. ಉದ್ಘಾಟನೆಯನ್ನು ಮಾಲೀಕರ ಅನುಮತಿಯಿಲ್ಲದೆ ನಾನು ನೆರವೇರಿಸಿದೆನೆಂಬುದು ಒಂದು ತಪ್ಪಾದರೆ, ಅದನ್ನು ನನ್ನ ಹೆಸರಿಗೇ ಬರೆದುಕೊಳ್ಳಬೇಕು.

ಗಡಿಯಾರದ ಅಂಗಡಿಯವರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯದೆ ಓಡಿಬಂದಿದ್ದರು, ಹಾಗೇ ನಿಂತರು. ಸಿಂಪಡಿಸುವವರಲ್ಲಿ ಹಿರಿಯರು ಡಬ್ಬಿಯ ಕೊಳವೆಯನ್ನು ಕೆಳಗಿಳಿಸಿದರು. “ಇಂಥದ್ದಕ್ಕೆ ನಾನ್ ಹೊಡೆಯಲ್ಲ ಸಾರ್. ಬೇರೆಯವ್ರನ್ನ ನೋಡ್ಕೊಳ್ಳಿ” ಎಂದದ್ದು ಗಾಜಿನ ಆಚೆಯಿಂದಲೂ ಕೇಳಿಸಿತು. ಮಾಲೀಕರು ಗಾಜಿನ ಮೇಲೆ ಅಂಗೈ ಇಟ್ಟಿದ್ದರು. ಒಂದೂವರೆಗೆ ತಾವು ಬಂದಿರಿ, ಚುಕ್ಕಿ ಕೀಲಿ ತೆಗೆದಳು. ತಾವು ಟೋಪಿ ತೆಗೆದು ಒಳಗೆ ಬಂದದ್ದನ್ನು ನಾನು ಕಂಡೆ. ವಿಚಾರಣೆ ಮುಗಿಯುವವರೆಗೆ ಒಳಗಿನ ಯಾವುದನ್ನೂ ಕದಲಿಸಬಾರದೆಂದು ಆಜ್ಞೆ ಮಾಡಿ, ಬಾಗಿಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿ ಹೋದಿರಿ.

ಸಂಜೆ ಆರೂವರೆಗೆ ಜೇನು ಸಾಕುವವರು ಬಂದರು. ಅವರು ಸಣ್ಣ ಮನಸ್ಸಿನವರಲ್ಲ, ಆದರೆ ದೊಡ್ಡ ಗಂಟಲಿನವರು. ಪೇದೆಯವರು ತಡೆದು, ಸಾಕ್ಷಿಯ ವಸ್ತುಗಳನ್ನು ಮುಟ್ಟುವಂತಿಲ್ಲ, ಒಂದೂ ಕಡಿಮೆಯಾಗಬಾರದು ಎಂದರು. “ಹಾಗಾದ್ರೆ ಎಣಿಸ್ಕೊಂಡು ರಸೀದಿ ಬರ್ಕೊಳ್ಳಿ ಸ್ವಾಮಿ, ನಾನು ಕಾಯ್ತೀನಿ” ಎಂದರು ಅವರು. ಕೊನೆಗೆ, ಕೈ ಹಿಂದೆ ಕಟ್ಟಿಕೊಂಡು ನೋಡಲು ಮಾತ್ರ ಬಿಟ್ಟರು. ಗೋಡೆ ಮೂಸಿದರು, ಕಿಂಡಿ ನೋಡಿದರು, ಕೌಂಟರಿಗೆ ಮೂಗು ತಾಗಿಸಿದರು; ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟರು.

“ನಿಂಬೆಹುಲ್ಲಿನ ಎಣ್ಣೆನಾ? ಯಾರು ಉಜ್ಜಿದ್ದು?”

ಪಾನೀಯ ಬೆರೆಸುವಾತ ಕೈ ಎತ್ತಿದ.

“ಮಾರಾಯ, ಹಿಂಡಿಗೆ ಬಾ ಅಂತ ಕರೆಯೋದೇ ಆ ವಾಸನೆಯಲ್ಲಿ! ಅವು ತಮ್ಮವರನ್ನ ಕರೆಯೋ ವಾಸನೆ ಇದೇ ಥರ. ಕತ್ತಲೆ ಜಾಗ, ದಪ್ಪ ಗೋಡೆ, ಅಂಗೈ ಅಗಲ ಬಾಗಿಲು, ಹಳೇ ಎರಿ ಮೇಣ, ಮೇಲೆ ಇದು. ನಾನು ಖಾಲಿ ಪೆಟ್ಟಿಗೆಗೆ ಹೀಗೇ ಸವರಿ ಮರದಲ್ಲಿ ಕಟ್ಟೋದು. ಮೂರು ಕಟ್ಟಿದ್ದೀನಿ, ಮೂರೂ ಖಾಲಿ. ಇವಳ ಬಾರಿಗೆ ಬಂದಿವೆ ನೋಡಿ! ಹೊಟ್ಟೆ ಉರೀತಿದೆ ನಂಗೆ.”

ಹೀಗೆ, ಸ್ವಾಮಿ, ತಪ್ಪು ನಡೆದದ್ದು. ಒಳ್ಳೆಯ ಬಣ್ಣಕ್ಕಾಗಿ ಹಳೆಯ ಮೇಣ. ಒಳ್ಳೆಯ ಪಾನೀಯಕ್ಕಾಗಿ ನಿಂಬೆಹುಲ್ಲು. ಬೇರೆ ಬೇರೆ ಇದ್ದಿದ್ದರೆ ಎರಡೂ ನಿರುಪದ್ರವಿ. ನಾನು ಭಾನುವಾರದಿಂದ ಕಂಡ ನೊಣಗಳು ಮನೆ ನೋಡಲು ಬಂದವೇ ಆಗಿದ್ದವು ಎಂದು ಅವರು ಖಚಿತವಾಗಿ ಹೇಳಿದರು. ಪೆಟ್ಟಿಗೆಯಲ್ಲಿ ತಂದು ಬಿಡುವವರಿಗೆ ಐದು ದಿನ ಮುಂಚೆ ಮನೆ ನೋಡಿಕೊಂಡು ಹೋಗಲು ನೊಣಗಳನ್ನು ಕಳಿಸುವ ಅಗತ್ಯವಿಲ್ಲ. ತಂದು ಸುರಿದ ಹಿಂಡಿಗೆ ಜಾಗ ಹಿಡಿಸದಿದ್ದರೆ ಅದು ಎದ್ದುಹೋಗುತ್ತದೆ, ನಿಲ್ಲುವ ಮನಸ್ಸಾದರೆ ಮಾತ್ರ ಮೇಣ ಕಟ್ಟಲು ಶುರುಮಾಡುತ್ತದೆ, ಬೆಳಿಗ್ಗೆ ನೋಡಿ ಎಂದೂ ಹೇಳಿದರು.

ಏಳಕ್ಕೆ ಅತಿಥಿಗಳು ಬಂದರು. ಒಳಗೆ ಹೋಗುವಂತಿರಲಿಲ್ಲ. ಬೀದಿಯಲ್ಲೇ, ಗಾಜಿನ ಮುಂದೆ, ಒಳ್ಳೆಯ ಬಟ್ಟೆಯಲ್ಲಿ ನಿಂತು ನೋಡಿದರು. ಯಾರೋ ಒಬ್ಬರು ಇದನ್ನು ಮಾಡಿದವರು ಯಾರು ಎಂದು ಕೇಳಿದಾಗ, ಮಾಲೀಕರು ನಮ್ಮ ಮಹಡಿಯ ಕಿಟಕಿಯತ್ತ ನೋಡಿ ತಲೆ ತಗ್ಗಿಸಿದರು. ಚುಕ್ಕಿ ಕಿಟಕಿಯಲ್ಲಿರಲಿಲ್ಲ. ಒಳಗೆ ಮುಖ ಗೋಡೆಗೆ ಮಾಡಿ ಮಲಗಿದ್ದಳು.

ಇಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಒಬ್ಬಳೇ ಕೆಳಗಿಳಿದು ಗಾಜಿನ ಬಳಿ ಹೋದೆ. ಮಾಲೀಕರು ನನಗಿಂತ ಮೊದಲೇ ಬಂದು ನಿಂತಿದ್ದರು. ನಿನ್ನೆಯದೇ ಅಂಗಿ. ನಾನು ಅವರ ಪಕ್ಕದಲ್ಲಿ ನಿಂತೆ. ಗೊಂಚಲು ಒಂದು ಕಡೆ ಬಿಚ್ಚಿಕೊಂಡಿತ್ತು. ಅಲ್ಲಿ ಏಳು ಹಾಳೆಗಳಲ್ಲಿ ನಡುವಿನದು ನಿನ್ನೆಗಿಂತ ಉದ್ದವಾಗಿತ್ತು. ಕೆಳ ಅಂಚಿನಿಂದ ಬೆರಳಷ್ಟು ಉದ್ದದ, ಕಾಗದದಷ್ಟು ತೆಳುವಾದ ಬಿಳಿ ಎರಿ ಇಳಿದಿತ್ತು. ಅವು ಚುಕ್ಕಿಯ ಕೆಲಸ ನಿಂತ ಕಡೆಯಿಂದ ಮುಂದುವರಿಸಿದ್ದವು.

ಮಾಲೀಕರು ಬಹಳ ಹೊತ್ತು ನೋಡಿದರು. ಗಾಜಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಎಳೆದರು, ನಡುವೆ ನಿಲ್ಲಿಸಿದರು, ಮತ್ತೆ ಮೇಲೆ ಹೋದರು.

“ಟೀಚರ್, ಅವಳು ಮಾಡಿದ್ದು ಎಲ್ಲೀತನಕ? ಇವು ಮಾಡಿದ್ದು ಎಲ್ಲಿಂದ?”

ನಾನು ಕನ್ನಡಕ ಒರೆಸಿ ಹಾಕಿಕೊಂಡು ನೋಡಿದೆ. ತಿಳಿಯಲಿಲ್ಲ. ತಿಳಿಯುತ್ತಿಲ್ಲ ಎಂದೇ ಹೇಳಿದೆ.

ಪ್ಲಾಸ್ಟಿಕ್ಕಿನ ಮಾತನ್ನು ನಾನು ಎತ್ತಲಿಲ್ಲ. ದೂರಿನ ಮಾತನ್ನೂ ಎತ್ತಲಿಲ್ಲ. ನಾನು ಠಾಣೆಗೆ ಹೊರಟಾಗ ಅವರೂ ಜೊತೆಗೆ ನಡೆದು ಬಂದರು. ಈಗ ಹೊರಗಿನ ಬೆಂಚಿನ ಮೇಲೆ ಕುಳಿತು ಅವರೂ ಒಂದು ಅರ್ಜಿ ಬರೆಯುತ್ತಿದ್ದಾರೆ. ಮೊದಲ ಸಾಲನ್ನು ತಿದ್ದಿಕೊಡಬೇಕೆಂದು ನನ್ನನ್ನು ಕೇಳಿದರು. ಅದೇ ಪ್ರಕರಣದಲ್ಲಿ ಸಾಕ್ಷಿಯಾಗಿರುವ ನಾನು ದೂರುದಾರರ ಬರಹವನ್ನು ಮುಟ್ಟುವುದು ಸರಿಯಲ್ಲವೆಂದು ನಿರಾಕರಿಸಿದೆ. ಅವರು ಏನು ಬರೆಯುತ್ತಿದ್ದಾರೆಂದು ನಾನು ಓದಿಲ್ಲ. ಎರಡು ಬಾರಿ ಹೊಡೆದುಹಾಕಿ ಮತ್ತೆ ಬರೆದದ್ದನ್ನು ಮಾತ್ರ ಕಂಡಿದ್ದೇನೆ. ಅವರನ್ನು ಒಳಗೆ ಕರೆಯುವ ಮೊದಲು ತಾವು ಈ ಹೇಳಿಕೆಯನ್ನು ಪೂರ್ತಿ ಓದಬೇಕು. ಚುಕ್ಕಿ ಇನ್ನೂ ಗಾಜಿನ ಬಳಿ ಹೋಗಿಲ್ಲ. ಹೋಗಿ ನೋಡು ಎಂದು ಅವಳಿಗೆ ಇಲ್ಲಿಂದ ಹೋಗಿ ನಾನೇ ಹೇಳಬೇಕಾಗಿದೆ. ಇನ್ನೊಂದು ಮಾತನ್ನೂ ಹೇಳಬೇಕಾಗಿದೆ, ಭಾನುವಾರ ‘ಏನಾದ್ರೂ ಅನ್ನು’ ಎಂದು ಅವಳು ಕೇಳಿದ್ದಕ್ಕೆ.

ಮೇಲೆ ಬರೆದ ಪ್ರತಿಯೊಂದು ವಾಕ್ಯವನ್ನು ನಾನೇ ಮತ್ತೊಮ್ಮೆ ಓದಿ ನೋಡಿದ್ದೇನೆ. ನನ್ನ ಅರಿವಿಗೆ ಬಂದಷ್ಟರಲ್ಲಿ ಸತ್ಯಕ್ಕೆ ಹೊರತಾದದ್ದು ಇದರಲ್ಲಿಲ್ಲ. ಯಾರ ಒತ್ತಾಯವೂ ಇರಲಿಲ್ಲ. ಒಂದು ಕಡೆ ‘ಸುರಿದವು’ ಎನ್ನಬೇಕಾದಲ್ಲಿ ‘ಸುರಿದರು’ ಎಂದಿರುವುದನ್ನು ತಿದ್ದದೆ ಬಿಟ್ಟಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಕಿಟಕಿಯ ಪಕ್ಕದ ಮೇಜು
ದಿನ: ಶನಿವಾರ, ಬೆಳಿಗ್ಗೆ ಒಂಬತ್ತು ಮುಕ್ಕಾಲು

(ಸಹಿ)
ದೊಡ್ಡ ಟೀಚರ್
ನಿವೃತ್ತ ಮುಖ್ಯೋಪಾಧ್ಯಾಯಿನಿ, ಚುಕ್ಕಿಯ ದೊಡ್ಡಮ್ಮ